ವಿಜಯಪುರದ ಸಮುದ್ರ

ಮತ್ತೊಂದು ಸೀಗಡಿ ಸತ್ತಿತ್ತು. ಟ್ಯಾಂಕಿನ ಮರಳಿನ ಮೇಲೆ ಕಾಲು ಮೇಲಾಗಿ ಬಿದ್ದಿದ್ದ ಅದನ್ನು ಹರಿಪ್ರಸಾದ್ ಪುಟ್ಟ ಬಲೆಯಲ್ಲಿ ಎತ್ತಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ತಿರುಗಿದರೆ ಬಾಗಿಲಲ್ಲಿ ಮನೆಯ ಯಜಮಾನ ಕಾಂತರಾಜು ನಿಂತಿದ್ದರು.

"ಏನಪ್ಪಾ ಜೇಬಲ್ಲಿ? ಮನೆಗೆ ಹೋಗಿ ಸಾರು ಮಾಡಕ್ಕಾ?"

ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆ ನಡೆಸುವ ಕಾಂತರಾಜು, ಹೊಸ ಮನೆಯ ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಸಮುದ್ರದ ಟ್ಯಾಂಕ್ ಬೇಕು, ಒಳಗೆ ಜೀವಂತ ಹವಳ ಬೇಕು ಎಂದಾಗ ಹರಿಪ್ರಸಾದ್ ಹಿಂದುಮುಂದು ನೋಡದೆ ಒಪ್ಪಿಕೊಂಡಿದ್ದ. ಹತ್ತಿರದ ದೊಡ್ಡಬಳ್ಳಾಪುರದ ತನ್ನ ಅಂಗಡಿಯಿಂದ ಊರಿಗೆಲ್ಲ ಗೋಲ್ಡ್‌ಫಿಶ್ ತೊಟ್ಟಿ ಕಟ್ಟಿಕೊಟ್ಟು ಅವನಿಗೆ ಬೇಜಾರಾಗಿತ್ತು. ನಿಜವಾದ ಸಮುದ್ರವನ್ನು ಅವನು ನೋಡಿದ್ದು ಒಂದೇ ಸಲ, ಹೈಸ್ಕೂಲು ಪ್ರವಾಸದಲ್ಲಿ. ಆಗಲೂ ವಾಂತಿ ಮಾಡಿಕೊಂಡು ಬಸ್ಸಿನಲ್ಲೇ ಮಲಗಿದ್ದ. ಅಂಗಡಿಯ ಬೋರ್ಡಿನ ಮೇಲೆ 'ಸಾಗರ ತಜ್ಞ' ಎಂದು ಬರೆಸಲು ಅದೇನೂ ಅಡ್ಡಿಯಾಗಲಿಲ್ಲ.

ತಜ್ಞನೆಂದ ಮೇಲೆ ಗತ್ತು ಬೇಡವೇ? ಟ್ಯಾಂಕ್ ಕೂರಿಸಿದ ದಿನ ಕಾಂತರಾಜು ಅವರ ತಾಯಿ ಮುನಿಗಂಗಮ್ಮ ಅರಿಸಿನ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದರೆ ಅವನು ಕೈ ಅಡ್ಡ ಹಾಕಿದ್ದ. "ಇದು ಸೈನ್ಸು ಕಣಜ್ಜಿ. ಒಂದು ತೊಟ್ಟು ತೀರ್ಥಾನೂ ಒಳಕ್ಕೆ ಬೀಳಂಗಿಲ್ಲ." ಅಜ್ಜಿ ತಟ್ಟೆ ಹಿಡಿದುಕೊಂಡು ಹಾಗೇ ಒಳಗೆ ಹೋಗಿದ್ದರು. ಅಷ್ಟರಲ್ಲಿ ಅವನ ಸ್ವಂತ ತಾಯಿ ರುಕ್ಮಿಣಮ್ಮನ ಫೋನು ಬಂದಿತ್ತು. ಯಾವ ತೊಟ್ಟಿ ಕಟ್ಟಿದರೂ ಮೊದಲು ಘಾಟಿ ಸುಬ್ರಹ್ಮಣ್ಯನನ್ನು ನೆನೆಯಬೇಕೆಂಬುದು ಆಕೆಯ ಆಜ್ಞೆ.

"ಹೇಳಿದ್ದು ಮಾಡ್ದೇನೋ?"

"ಮಾಡ್ದೆ ಕಣಮ್ಮಾ, ಮೂಲೇಲಿ. ಫೋನಿಡು, ಇಲ್ಲಿ ಎಲ್ರೂ ನೋಡ್ತಾವ್ರೆ."

ಅವನು ಅದನ್ನು ಪ್ರತಿ ತೊಟ್ಟಿಗೂ ಮಾಡುತ್ತಿದ್ದ, ಮಾಡಿದ ಮರುಕ್ಷಣ ಮರೆಯುತ್ತಿದ್ದ. ಆಮೇಲೆ ಮರಳು ಸುರಿದ, ಹವಳದ ಕಲ್ಲು ಜೋಡಿಸಿದ, ಫಿಲ್ಟರ್ ನೀರಿಗೆ ಸಮುದ್ರದ ಉಪ್ಪು ಕಲಸಿ ತುಂಬಿದ. ನೀರು ಪಕ್ವವಾಗಲೆಂದು ವಾರಗಟ್ಟಲೆ ಮೀನು ಬಿಡದೆ ಹಾಗೇ ಇಟ್ಟಾಗ ಊರಿನವರು ಬಂದು ಬಂದು ಕಲ್ಲು ನೋಡಿ ನಕ್ಕು ಹೋದರು. ಕೊನೆಗೆ ಜೀವಂತ ಹವಳ, ಸೀಗಡಿ, ಬಣ್ಣದ ಮೀನು ಎಲ್ಲ ಬಂದವು. ಮೀನುಗಳು ಲವಲವಿಕೆಯಿಂದ ಈಜಿದವು. ಆದರೆ ಸೀಗಡಿಗಳು ಒಂದೊಂದಾಗಿ ಸತ್ತವು, ಹವಳ ಬಿಳಿಚಿಕೊಂಡಿತು.

"ಮಗಳ ನಿಶ್ಚಿತಾರ್ಥ ಇದೇ ಹಾಲ್‌ನಲ್ಲಿ. ಬೀಗರ ಮುಂದೆ ಹೆಣ ತೋರಿಸಕ್ಕಾಗಲ್ಲ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಟ್ಯಾಂಕ್ ಕಿತ್ತಾಕಿ ಸೋಫಾ ಹಾಕಿಸ್ತೀನಿ," ಎಂದಿದ್ದರು ಕಾಂತರಾಜು ಆಗಲೇ.

ಟ್ಯಾಂಕ್ ಹೋದರೆ ತಾನು ಮತ್ತೆ ಗೋಲ್ಡ್‌ಫಿಶ್ಶಿಗೇ. ಆ ಯೋಚನೆಗೇ ಅವನಿಗೆ ಅಳು ಬರುವಂತಾಯಿತು. ಬೆಂಗಳೂರಿನಿಂದ ಪರೀಕ್ಷೆಯ ಕಿಟ್ ತರಿಸಿ ನೀರಿಗೆ ಹನಿ ಹಾಕಿ ನೋಡಿದ. ನೀರು ನೀಲಿಗೆ ತಿರುಗಿತು. ತಾಮ್ರ! ಮೀನುಗಳು ಹೇಗೋ ತಡೆದುಕೊಳ್ಳುತ್ತವೆ. ಸೀಗಡಿಗೂ ಹವಳಕ್ಕೂ ತಾಮ್ರ ಅಪ್ಪಟ ವಿಷ. ಹರಿಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಸೀದಾ ದೇವರ ಮನೆಗೆ ಹೋಯಿತು. ಅಲ್ಲಿ ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಚೊಂಬು ಫಳಫಳ ಹೊಳೆಯುತ್ತಿತ್ತು.

"ಅಜ್ಜಿ, ಈ ಚೊಂಬನ್ನ ಟ್ಯಾಂಕಿಗೆ ಅದ್ದಿದ್ರಾ?"

"ದೇವ್ರ ಚೊಂಬನ್ನ ಮೀನಿನ ನೀರಿಗೆ ಅದ್ತಾರೇನಪ್ಪಾ? ಮೈಲಿಗೆ ಆಗಲ್ವಾ?"

ಅವನು ನಂಬಲಿಲ್ಲ. ಮನೆಯವರ ಎದುರಿಗೇ, "ನಿಮ್ಮ ಮೂಢನಂಬಿಕೆಯಿಂದ ಒಂದು ಸಮುದ್ರಾನೇ ಸಾಯ್ತಿದೆ," ಎಂದುಬಿಟ್ಟ. ಅಜ್ಜಿಯ ಕಣ್ಣು ತುಂಬಿಕೊಂಡಿತು. ಕಾಂತರಾಜು ಮುಖ ಗಂಟಿಕ್ಕಿಕೊಂಡು ಚೊಂಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ಮುನಿಗಂಗಮ್ಮ ಸ್ಟೀಲ್ ಲೋಟದಲ್ಲಿ ಪೂಜೆ ಮಾಡಿದರು. ಸೀಗಡಿ ಮಾತ್ರ ಸಾಯುವುದನ್ನು ಬಿಡಲಿಲ್ಲ. ಈಗ ಅವನ ಜೇಬಿನಲ್ಲಿದ್ದದ್ದೂ ಹಾಗೆ ಸತ್ತದ್ದೇ.

"ಹಂಗಾದ್ರೆ ಅಜ್ಜಿ ಒಳಕ್ಕೆ ಏನೋ ಹಾಕಿಬಿಟ್ಟವ್ರೆ. ನೀರು ಕಂಡ ಕಡೆ ಕಾಸು ಹಾಕೋ ಜನ ನಮ್ಮೋರು. ಮರಳು ಪೂರ್ತಿ ತೆಗೆದು ತೋರಿಸ್ತೀನಿ ಕಣಣ್ಣ," ಎಂದ ಹರಿಪ್ರಸಾದ್.

"ತೋರ್ಸು. ಸಿಕ್ಕಿದ್ರೆ ಅಮ್ಮಂದು ತಪ್ಪು. ಸಿಗ್ಲಿಲ್ಲ ಅಂದ್ರೆ ಅಮ್ಮನ ಕಾಲಿಗೆ ಬಿದ್ದು, ನಿನ್ನ ಬೋರ್ಡು ಇಳಿಸ್ಬೇಕು."

"ಆಗ್ಲಿ," ಎಂದ ತಜ್ಞ.

ಮೀನುಗಳು ಡ್ರಮ್ಮಿಗೆ ಹೋದವು. ಹರಿಪ್ರಸಾದ್ ಫೋನನ್ನು ಸ್ಟೂಲಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, ಟ್ಯಾಂಕಿನೊಳಗೆ ಬಗ್ಗಿ ಮರಳು ಮೊಗೆದ. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಕೊನೆಯ ಮೂಲೆಯಲ್ಲಿ ಕೈಗೆ ಏನೋ ಗಟ್ಟಿಯಾಗಿ ತಗುಲಿತು. ಹಸಿರು ಪಾಚಿ ಮೆತ್ತಿದ, ಹೆಬ್ಬೆರಳಿನಷ್ಟು ಗಾತ್ರದ ವಸ್ತು.

"ಸಿಕ್ತು!" ಎಂದು ಕೂಗಿ, ಅದರ ಕಡೆ ನೋಡದೆಯೇ ಅಜ್ಜಿಯ ಅಂಗೈಗೆ ಬಡಿದ. ಅವನ ಗಮನವೆಲ್ಲ ಕಾಂತರಾಜು ಅವರ ಮುಖದ ಮೇಲೆಯೇ ಇತ್ತು. "ಈಗ ಹೇಳಿ ಅಜ್ಜಿ, ಇದೇನು?"

ಮುನಿಗಂಗಮ್ಮ ಸೆರಗಿನಲ್ಲಿ ಒರೆಸಿದರು. ಪಾಚಿಯ ಕೆಳಗಿನಿಂದ ತಾಮ್ರದ ಹೆಡೆ ಎದ್ದಿತು. ಆಕೆ ತಕ್ಷಣ ಅದನ್ನು ಕಣ್ಣಿಗೊತ್ತಿಕೊಂಡರು. "ಅಯ್ಯೋ, ನಾಗಪ್ಪ! ನಮ್ಮನೇದಲ್ಲ ಕಣಪ್ಪಾ ಇದು. ನಮ್ಮ ಹರಕೆ ಎಲ್ಲಾ ತಿರುಪತಿಗೆ."

ಹರಿಪ್ರಸಾದ್ ಈಗ ನೋಡಿದ.

ಸ್ಟೂಲಿನ ಮೇಲೆ ಫೋನು ಹೊಡೆದುಕೊಂಡಿತು. ಅವನ ಕೈ ಒದ್ದೆ ಇದೆಯೆಂದು ಕಾಂತರಾಜು ತಾವೇ ಎತ್ತಿ ಸ್ಪೀಕರ್‌ಗೆ ಹಾಕಿ ಅವನ ಮುಂದೆ ಹಿಡಿದರು.

"ಮಗಾ, ಸೀಗಡಿ ಸಾಯ್ತಾವೆ ಅಂದ್ಯಲ್ಲ, ಅದಕ್ಕೇ ಘಾಟಿಗೆ ಬಂದಿದ್ದೀನಿ ಕಣೋ. ಹೋದ್ಸಲದ ನಾಗಪ್ಪ ಚಿಕ್ಕದಾಯ್ತು ಅನ್ಸುತ್ತೆ, ಈ ಸಲ ದಪ್ಪಂದೇ ತಗೊಂಡಿದ್ದೀನಿ. ಅದೇ ಮೂಲೇಲಿ, ಮರಳ ಕೆಳಗೆ ಇಟ್ಬಿಡು!"