ಕೋಳಿ ನಡೆದ ದಿನ

"ನಡೀತಿದೆ! ಮಾವ, ನಿಮ್ಮ ಕೋಳಿ ನಡೀತಿದೆ!" ಎಂದು ಅಯನ್‌ಲಾಡೆ ಚಾಪೆಯ ಮೇಲಿಂದಲೇ ಕೂಗಿದ. ಅಂಗಳದಲ್ಲಿ ಕೆಂಪು ಹೇಂಟೆ ದಬ್ಬೆ ಬಿಚ್ಚಿದ ಕಾಲನ್ನು ಒಮ್ಮೆ ಊರಿತು, ಅನುಮಾನಿಸಿತು, ಮತ್ತೆ ಊರಿತು. ಕೊನೆಗೆ ಏನೂ ಆಗೇ ಇಲ್ಲವೆಂಬಂತೆ ಫಡೈರೊ ಎರಚಿದ್ದ ಮೆಕ್ಕೆಜೋಳದ ಕಾಳು ಹೆಕ್ಕುತ್ತ ಹೊರಟಿತು.

ಮೂಳೆ ಕಟ್ಟುವ ಫಡೈರೊನ ಮನೆತನದಲ್ಲಿ ಇದು ತಲೆಮಾರುಗಳ ಪದ್ಧತಿ. ಮುರಿದ ಕೈಯೋ ಕಾಲೋ ಬಾಗಿಲಿಗೆ ಬಂದ ದಿನವೇ ಒಂದು ಕೋಳಿಯ ಕಾಲನ್ನೂ ಮುರಿದು, ಅದೇ ಸೊಪ್ಪು ಅರೆದು ಹಚ್ಚಿ, ಅದೇ ಬಿದಿರಿನ ದಬ್ಬೆ ಕಟ್ಟುವುದು; ಕೋಳಿ ನಡೆದ ದಿನ ರೋಗಿಯ ಕಟ್ಟು ಬಿಚ್ಚುವುದು. ಮನುಷ್ಯ ಸುಳ್ಳು ಹೇಳಬಹುದು, ಕೋಳಿ ಹೇಳುವುದಿಲ್ಲ ಎಂದು ಒಯೊ ಸೀಮೆಯ ಆ ಊರೇ ನಂಬಿತ್ತು. ಆದರೂ ಮುದುಕ ಫಡೈರೊನಿಗೆ ಇವತ್ತು ನಗು ಬರಲಿಲ್ಲ.

ಅಯನ್‌ಲಾಡೆ ಅವನ ತಂಗಿಯ ಮಗ, ಮಾತಾಡುವ ಡೋಲಿನವನು. ಎಡಗಂಕುಳಲ್ಲಿ ಡೋಲನ್ನು ಹಿಂಡುತ್ತ ಬಲಗೈಯ ಬಾಗುಕೋಲಿನಿಂದ ಬಾರಿಸಿದನೆಂದರೆ ಅದು ಜನರನ್ನು ಹೆಸರು ಹಿಡಿದು ಕರೆಯುತ್ತಿತ್ತು, ಹೊಗಳುತ್ತಿತ್ತು, ಕೊಂಕು ನುಡಿಯುತ್ತಿತ್ತು. ಬಾಡಿಗೆ ಬೈಕಿನಿಂದ ಬಿದ್ದು ಆ ಬಲ ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಹೆಂಡತಿ ಮೊರಾಡೆಕೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟಿದ್ದಳು. "ಅವರು ಕತ್ತರಿಸ್ತಾರೆ ಕಣಮ್ಮ, ನಾನು ಕೂಡಿಸ್ತೀನಿ" ಎಂದು ತಡೆದವನು ಫಡೈರೊನೇ.

ಮೂಳೆಯ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಗೈ ಮಗುಚಿದಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಹೇಗೆ ಹೊರಳುತ್ತದೆ, ಬೆರಳು ಮಡಚುವ ಹುರಿಗಳು ಮುಂಗೈಯಿಂದ ಹೊರಟು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹೇಗೆ ನುಸುಳುತ್ತವೆ, ಎಲ್ಲವನ್ನೂ ಅಪ್ಪ ಮುಟ್ಟಿಸಿ ಮುಟ್ಟಿಸಿ ಕಲಿಸಿದ್ದ. ಕಟ್ಟು ಬಿಗಿಯಾದಷ್ಟೂ ಮೂಳೆ ಅಲುಗದು ಎಂದೂ ಕಲಿಸಿದ್ದ. ಅಷ್ಟು ಬಿಗಿದರೆ ರಕ್ತ ಯಾವ ದಾರಿಯಲ್ಲಿ ಹೋಗಬೇಕೆಂದು ಅಪ್ಪ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

"ಮೊದಮೊದಲು ರಾತ್ರಿಯೆಲ್ಲ ಅರಚಿಕೊಳ್ತಿದ್ರು" ಎಂದಳು ಮೊರಾಡೆಕೆ. "ಸಡಿಲ ಮಾಡಿ ಬಾಬಾ ಅಂತ ನಿಮ್ಮ ಕಾಲು ಹಿಡಿದೆ."

"ಮೂಳೆ ಕೂಡೋವಾಗ ಅರಚದೆ ಹಾಡ್ತಾರಾ? ಆಮೇಲೆ ನೋವು ನಿಂತಿತಲ್ಲ?"

"ನಿಂತಿತು. ಅದಕ್ಕೇ ನಂಗೆ ಭಯ. ಬೆರಳು ನೋಡಿ, ಕಪ್ಪಗೆ ಒಣಮೀನಿನ ಹಾಗಾಗಿದೆ."

"ಸೊಪ್ಪಿನ ಕರೆ ಅದು."

"ತಣ್ಣಗಿದೆ ಬಾಬಾ."

"ಒಣಗಾಳಿ ಕಾಲ. ನನ್ನ ಮೂಗೂ ತಣ್ಣಗಿದೆ, ಮುಟ್ಟಿ ನೋಡು."

ಹಾಗೆಂದನೇ ಹೊರತು, ನಿನ್ನೆ ಅಳಿಯ ಮಲಗಿದ್ದಾಗ ಅವನೂ ಆ ಉಗುರುಗಳನ್ನು ಒತ್ತಿ ನೋಡಿದ್ದ. ಒತ್ತಿ ಬಿಟ್ಟರೆ ಬಣ್ಣ ಮರಳಬೇಕು, ಮರಳಿರಲಿಲ್ಲ. ಕಟ್ಟಿನೊಳಗಿಂದ ಬರುತ್ತಿದ್ದ ವಾಸನೆಯ ಮೇಲೆ ಇನ್ನಷ್ಟು ಸೊಪ್ಪು ಮೆತ್ತಿ, ಕೋಳಿ ನಡೆಯಲಿ, ಅದೊಂದು ನಡೆದುಬಿಡಲಿ ಎಂದು ಕಾದಿದ್ದ.

"ಅವಳ ಮಾತು ಬಿಡಿ ಮಾವ" ಎಂದು ಅಯನ್‌ಲಾಡೆ ನಕ್ಕ. "ಗಂಡನ ಡೋಲು ಸುಮ್ಮನಾದ್ರೆ ಹೆಂಡತಿ ನಾಲಿಗೆ ಡೋಲಾಗುತ್ತೆ. ನೀವು ಬಿಚ್ಚಿ. ಮೊದಲು ನಿಮ್ಮ ಹೆಸರನ್ನೇ ನುಡಿಸ್ತೀನಿ. ಮುರಿದದ್ದನ್ನ ಕೂಡಿಸೋ ಫಡೈರೊ, ಕೋಳಿ ಕೈಲೂ ಸಾಕ್ಷಿ ಹೇಳಿಸೋ ಫಡೈರೊ..." ಗೋಡೆಯಲ್ಲಿ ತೂಗುತ್ತಿದ್ದ ಡೋಲಿನ ಕಡೆ ಮುಖ ತಿರುಗಿಸಿ, ನಾಲಿಗೆಯಲ್ಲೇ ತಾಳ ಹುಡುಕತೊಡಗಿದ.

ಫಡೈರೊ ಕುಕ್ಕರಗಾಲಲ್ಲಿ ಕೂತು ಮೊದಲ ಗಂಟಿಗೆ ಕೈ ಹಾಕಿದ. ಕಾಳು ಹೆಕ್ಕುತ್ತ ಬಂದ ಹೇಂಟೆ ಚಾಪೆಯ ಅಂಚಿಗೆ ಮುಟ್ಟಿತ್ತು. ಅಲ್ಲಿ ಅಯನ್‌ಲಾಡೆಯ ಕಟ್ಟು ಹಾಕಿದ ಕೈಯ ಕಿರುಬೆರಳು ಮಣ್ಣಿಗೆ ತಾಗಿಕೊಂಡಿತ್ತು. ಹೇಂಟೆ ಕತ್ತು ಓರೆ ಮಾಡಿ ನೋಡಿ, ಅದನ್ನು ಕುಕ್ಕಿತು. ಮತ್ತೆ ಕುಕ್ಕಿತು. ಚರ್ಮ ಕಿತ್ತು ಬಂತು, ರಕ್ತ ಬರಲಿಲ್ಲ.

ಮೊರಾಡೆಕೆ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಗಂಟಿನ ಮೇಲಿದ್ದ ಮುದುಕನ ಬೆರಳುಗಳು ಅಲ್ಲೇ ನಿಂತವು.

ತಾಳ ಹಾಕುತ್ತಿದ್ದ ಅಯನ್‌ಲಾಡೆ ಡೋಲಿನಿಂದ ಕಣ್ಣು ಕೀಳದೆ ಕೇಳಿದ: "ಯಾಕೆ ನಿಲ್ಲಿಸಿದ್ರಿ ಮಾವ? ಬಿಚ್ಚಿ, ಬಿಚ್ಚಿ. ಒಂಚೂರೂ ನೋವಾಗ್ತಿಲ್ಲ."