ತೊಂಬತ್ತರ ಕೈ

ಐವತ್ತೆಂಟು ತುಂಬಿದ ಎಲ್ಲರಂತೆ ಬಸಲಿಂಗವ್ವನಿಗೂ ಅಂದು ಒಂದು ದಿನದ ಮಟ್ಟಿಗೆ ತೊಂಬತ್ತು ವರ್ಷದ ಮೈ ಬಂದಿತ್ತು. ಮುಪ್ಪಿನಲ್ಲಿ ತಮ್ಮನ್ನು ಎಲ್ಲಿಯ ತನಕ ಉಳಿಸಿಕೊಳ್ಳಬೇಕೆಂದು ಬರೆದ ಕಾಗದವನ್ನು ಸರಕಾರಕ್ಕೆ ಕೊಡುವ ಮುನ್ನ ಹಾಗಿದ್ದು ನೋಡಬೇಕೆಂಬುದು ಕಾನೂನು. ಗದಗಿನ ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದವಳು ಹಿಂದಿನ ದಿನವೇ ಅದರಲ್ಲಿ ಬರೆದಿಟ್ಟಿದ್ದಳು: 'ನನ್ನ ರೊಟ್ಟಿ ನಾನೇ ಬಡಿಯಲಾಗದ ದಿನ ಔಷಧ ನಿಲ್ಲಿಸಿ, ನನ್ನನ್ನು ಕಳಿಸಿಕೊಡಿ.'

ಬೆಳಿಗ್ಗೆ ಹಿಟ್ಟಿಗೆ ಕೈಯಿಟ್ಟಳು. ರೊಟ್ಟಿ ಮೂರು ಸಲ ಹರಿಯಿತು. ಜೊತೆಗೆ ದುಡಿಯುವ ಮಾಬೂಬಿ ಹಿಟ್ಟನ್ನು ತನ್ನತ್ತ ಎಳೆದುಕೊಂಡು, ಬಡಿದು, ಬೇಯಿಸಿ, ಹಾಲಲ್ಲಿ ನೆನೆಸಿ ಮುಂದಿಟ್ಟಳು. ಹಲ್ಲಿಲ್ಲದ ಬಸಲಿಂಗವ್ವ ಎರಡು ಬಟ್ಟಲು ತಿಂದಳು.

"ನಿನ್ನ ರೊಟ್ಟಿ ಇಷ್ಟ್ ರುಚಿ ಇರ್ತಾವಂತ ಗೊತ್ತಿರಲಿಲ್ಲ ನೋಡು."

"ಮೂವತ್ತ್ ವರ್ಷದಾಗ ನೀ ಎಂದರ ನಂದು ತಿಂದೀಯೇನು?" ಎಂದಳು ಮಾಬೂಬಿ.

ಮಧ್ಯಾಹ್ನ ಕಾಗದ ಒಯ್ಯಲು ಗುಮಾಸ್ತ ಬಂದ. ಬಸಲಿಂಗವ್ವ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಬರೆಯತೊಡಗಿದಳು: 'ಯಾರು ಬಡಿದ ರೊಟ್ಟಿಯಾದರೂ ಸರಿ, ನೆನೆಸಿ ಉಣ್ಣಿಸಿ. ರುಚಿ ತಿಳಿಯುವ ತನಕ ಇರುತ್ತೇನೆ.'

ಗುಮಾಸ್ತ ಬಗ್ಗಿ ನೋಡಿದ. "ಅಕ್ಷರ ಭಾಳ ನಡಗಾಕತ್ಯಾವ್ರೀ ಅವ್ವಾರ. ನಾಳೆ ನಿಮ್ಮ ಕೈ ಬಂದಮ್ಯಾಲೆ ಬರೀರಲ್ಲ."

"ನಾಳಿನ ಕೈಗೆ ಸೊಕ್ಕು ಇರ್ತೈತಪಾ," ಎಂದು ಅವಳು ಪೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಈ ಕೈಲೇ ಬರೀತೀನಿ. ಕುಂದ್ರು."