ಅಂಜೂರದ ಹೆಸರು

ಪಟೇಲ ಜಯದೇವಪ್ಪನವರು ಈ ಸಲವೂ ಕೇಳದೆ ಕರೆಯದೆ ಅಖ್ತರ್‌ಬೀಯ ಹಿತ್ತಿಲಿಗೆ ನುಗ್ಗಿದರು. ಹಿಂದೆ ತಳವಾರ ದುರುಗಣ್ಣ, ಅವನ ಕೈಯಲ್ಲಿ ಕುಡುಗೋಲು. ಮೂರು ವರ್ಷದ ಹಿಂದೆ ಇದೇ ಇಬ್ಬರು ಕೊಡಲಿ ಹಿಡಿದು ಬಂದಿದ್ದರು. ಪಾತ್ರೆ ತಿಕ್ಕುತ್ತಿದ್ದ ಅಖ್ತರ್‌ಬೀ ಬೂದಿಗೈಯಲ್ಲೇ ಎದ್ದು ಹೋಗಿ ಅಂಜೂರದ ಗಿಡಕ್ಕೆ ಅಡ್ಡ ನಿಂತಳು.

"ಗಾಬರಿಯಾಗಬ್ಯಾಡಮ್ಮ, ಕಡಿಯಾಕೆ ಬಂದಿಲ್ಲ," ಎಂದರು ಪಟೇಲರು, ಮುಖದ ತುಂಬ ನಗು. "ಒಂದು ಕಡ್ಡಿ ಬೇಕಾಗೈತೆ. ನ್ಯಾಮತೀಲಿ ಇಟಲಿ ಅಂಜೂರ ಐತಂತಲ್ಲ, ತಮ್ಮ ಬಂಗ್ಲೆ ತೋಟಕ್ಕೆ ಬೇಕು ಅಂತ ಹೊನ್ನಾಳಿ ಅಮಲ್ದಾರ್ರು ಕೇಳ್ಯಾರೆ."

"ಇದು ಶತ್ರು ಗಿಡ ಅಲ್ವೇನ್ರಿ?"

"ಅದು ಆಗ. ಈಗ ಇಟಲಿಯೋರು ನಮ್ಮ ಕಡೆಗೆ ಬಂದ್ರಲ್ಲ, ಪೇಪರ್‌ನಾಗೆ ಹಾಕ್ಯಾರೆ."

ಗಿಡ ಮಾತ್ರ ಯಾವ ಕಡೆಯಿಂದ ಯಾವ ಕಡೆಗೂ ಹೋಗಿರಲಿಲ್ಲ. ಅದರ ಮೂಲ ಊರಾಚೆಯ ಇಗರ್ಜಿಯ ಅಂಗಳ. ಅಲ್ಲಿದ್ದ ಇಟಲಿಯ ಮುದಿ ಪಾದ್ರಿ ತಮ್ಮ ತಾಯಿಯ ಹಿತ್ತಿಲಿನಿಂದ ಹಡಗಿನಲ್ಲಿ ಕಡ್ಡಿ ತರಿಸಿ ಹಲವು ಬಗೆಯ ಅಂಜೂರ ಬೆಳೆಸಿದ್ದರು. ಒಂದರ ಎಲೆ ಬೆರಳುಬೆರಳಾಗಿ ಸೀಳಿದ್ದರೆ ಇನ್ನೊಂದರದು ಅಂಗೈಯಗಲ, ಒಂದರ ಹಣ್ಣು ಕಪ್ಪು, ಇನ್ನೊಂದರದು ಕಂದು. ಅಖ್ತರ್‌ಬೀಯ ಗಂಡ ಖಾಜಾಸಾಬ್ ಪಾತ್ರೆಗೆ ಕಲಾಯಿ ಹಾಕುವವನು. ಅವನು ಕತ್ತರಿಸಿಕೊಟ್ಟ ತಗಡಿನ ಚೂರುಗಳ ಮೇಲೆ ಪಾದ್ರಿ ಮೊಳೆಯಿಂದ ಚುಚ್ಚಿ ಚುಚ್ಚಿ ಹೆಸರು ಬರೆದು ಗಿಡಗಿಡಕ್ಕೂ ಕಟ್ಟುತ್ತಿದ್ದರು. ಆ ಕೆಲಸಕ್ಕೆ ಮೆಚ್ಚಿ ಖಾಜಾಸಾಬನಿಗೆ ಒಂದು ಕಡ್ಡಿ ಕೊಟ್ಟರು, ಜೊತೆಗೆ ಅದರ ತಗಡನ್ನೂ ಕೊಟ್ಟರು. ಹಸಿರಾಗಿರುವಾಗಲೇ ಹಣ್ಣಾಗುವ ಜಾತಿ ಅದು. ಕತ್ತು ಬಾಗಿ, ತುದಿಯಲ್ಲಿ ಜೇನಿನಂಥ ಹನಿ ಕಂಡರೆ ಕೀಳಬೇಕು. "ಹೆಸರು ಹೇಳದೆ ಯಾರಿಗೂ ಕಡ್ಡಿ ಕೊಡಬೇಡಿ. ಹೆಸರು ಹೋದರೆ ಗಿಡ ತಬ್ಬಲಿಯಾಗುತ್ತದೆ," ಎಂದು ಪಾದ್ರಿ ಗಂಡಹೆಂಡಿರಿಬ್ಬರಿಗೂ ಹೇಳಿದ್ದರು. ಆ ಉದ್ದದ ಹೆಸರು ಇಬ್ಬರ ನಾಲಿಗೆಯಲ್ಲೂ ಹೊರಳದಂಥದು. ತಗಡಿದೆಯಲ್ಲ ಎಂದು ಸುಮ್ಮನಿದ್ದರು.

ಇಟಲಿ ಯುದ್ಧಕ್ಕಿಳಿದ ಕೆಲವೇ ದಿನಕ್ಕೆ ಪೊಲೀಸರು ಬಂದು ಪಾದ್ರಿಯನ್ನು ಕರೆದುಕೊಂಡು ಹೋದರು. ಅದಕ್ಕೆ ಮೇಲಿನಿಂದ ಹುಕುಂ ಇತ್ತು. ಗಿಡ ಕಡಿಯಲು ಯಾರ ಹುಕುಮೂ ಇರಲಿಲ್ಲ. ಅದು ಪಟೇಲರು ಸ್ವಂತ ಬುದ್ಧಿಯಿಂದ ಮಾಡಿದ ರಾಜಸೇವೆ. ಇಗರ್ಜಿಯ ಗಿಡಗಳನ್ನು ಬುಡಸಮೇತ ಕೀಳಿಸಿ ಸುಡಿಸಿದರು. ಆಮೇಲೆ ಇಲ್ಲಿಗೆ ಬಂದು, ಮೈತುಂಬ ಕಾಯಿ ಹೊತ್ತಿದ್ದ ಈ ಗಿಡವನ್ನು ಅಖ್ತರ್‌ಬೀ ಕಾಲಿಗೆ ಬಿದ್ದರೂ ಕೇಳದೆ ನೆಲಮಟ್ಟಕ್ಕೆ ಕಡಿಸಿದರು. ತಗಡಿನ ಮೇಲಿರುವುದು ಶತ್ರುಗಳ ಗುಟ್ಟಿನ ಬರಹ, ಸರ್ಕಾರಕ್ಕೆ ಕಳಿಸಬೇಕು ಎಂದು ಅದನ್ನೂ ಕಿತ್ತುಕೊಂಡು ಹೋದರು. ಇಷ್ಟು ದೊಡ್ಡ ಮೂರ್ಖತನ ಹಾಡಹಗಲೇ ನಡೆದರೂ ಊರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬುಡ ಮಾತ್ರ ಯಾರಿಗೂ ಹೆದರದೆ ಮಳೆ ಬೀಳುತ್ತಲೇ ಚಿಗುರಿತು. ಈ ವರ್ಷ ಮತ್ತೆ ಕಾಯಿ ಕಟ್ಟಿತ್ತು.

"ಕಡ್ಡಿ ಕೊಡ್ತೀನಿ, ಇಲ್ಲ ಅನ್ನಾಕಿಲ್ಲ," ಎಂದಳು ಅಖ್ತರ್‌ಬೀ. "ಅವತ್ತು ಕಡಿಸಿದ್ದು ತಪ್ಪಾತು ಅಂತ ಒಂದು ಮಾತು ಅನ್ರಿ ಸಾಕು."

"ನಾನೆಲ್ಲಿ ಕಡಿಸಿದೆ? ಅದು ಮ್ಯಾಲಿನೋರ ಹುಕುಂ. ಕೊಡಲಿ ಹಿಡಿದೋನು ನೋಡು, ಇವನು." ದುರುಗಣ್ಣ ನೆಲ ನೋಡಿದ.

ಅಖ್ತರ್‌ಬೀಗೆ ಮೈಯೆಲ್ಲ ಉರಿದುಹೋಯಿತು. ದುರುಗಣ್ಣನ ಕೈಯಿಂದ ಕುಡುಗೋಲು ಕಸಿದುಕೊಂಡು ತಾನೇ ಒಂದು ಬಲಿತ ಕಡ್ಡಿ ಕತ್ತರಿಸಿ ಪಟೇಲರ ಕೈಗೆ ತುರುಕಿದಳು. ಕತ್ತರಿಸಿದ ಬಾಯಲ್ಲಿ ಬೆಳ್ಳಗೆ ಹಾಲು ಜಿನುಗುತ್ತಿತ್ತು. ಪಟೇಲರು ಹೊರಡಲಿಲ್ಲ.

"ಇದರ ಹೆಸರೇನಮ್ಮ? ಅಮಲ್ದಾರ್ರು ತೋಟದಾಗೆ ಗಿಡಗಿಡಕ್ಕೂ ಹೆಸರು ಬರೆಸಿ ಹಲಗೆ ನಿಲ್ಲಿಸ್ತಾರೆ. ಅಂಜೂರದಾಗೆ ನೂರು ಜಾತಿ ಐತೆ, ಹೆಸರಿಲ್ದೆ ತರಬ್ಯಾಡ ಅಂದಾರೆ."

"ಹೆಸರು ನೀವೇ ಒಯ್ದ್ರಲ್ರಿ. ಆ ತಗಡು ಎಲ್ಲೈತೆ?"

"ಅದಾ? ದನದ ಕೊಟ್ಟಿಗೆ ಬಾಗಿಲಾಗೆ ತೂತು ಬಿದ್ದಿತ್ತು, ಅದಕ್ಕೆ ಹೊಡೆಸಿದ್ವಿ. ತುಕ್ಕು ತಿಂದು ಹೋತು."

"ಸರ್ಕಾರಕ್ಕೆ ಕಳಿಸ್ತೀನಿ ಅಂದಿದ್ರಿ."

ಪಟೇಲರು ಕಡ್ಡಿಯ ಎಲೆಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಆ ಮುದುಕಪ್ಪ ಯಾವ ಕೈದಿ ಕ್ಯಾಂಪಿನಾಗೆ ಇದ್ದಾರೋ ಇಲ್ಲೋ. ಅವರ ಅವ್ವನ ಹಿತ್ತಿಲಿಂದ ಬಂದ ಹೆಸರನ್ನ ನೀವು ದನದ ಬಾಗಿಲಿಗೆ ಹೊಡೆಸಿದ್ರಿ," ಎಂದಳು ಅಖ್ತರ್‌ಬೀ.

"ಆಗಿದ್ದಾತು, ಬಿಡಮ್ಮ. ಈಗ ಊರಾಗೆ ಇದನ್ನ ಏನಂತ ಕರೀತಾರೆ? ಅದನ್ನೇ ಹೇಳು, ಹಲಗೆ ಮ್ಯಾಲೆ ಬರೆಸ್ತಾರೆ."

ಅಖ್ತರ್‌ಬೀ ಬಾಯಿ ತೆರೆಯುವ ಮೊದಲೇ ಬೇಲಿಯಾಚೆಯಿಂದ ದುರುಗಣ್ಣನ ಹೆಂಡತಿ ಉಡಚಮ್ಮನ ದನಿ ಕೇಳಿತು. ಅಂಜೂರದ ಅಗಲ ಎಲೆಗಳ ಮರೆಯಲ್ಲಿ ಗಂಡನಾಗಲಿ ಪಟೇಲರಾಗಲಿ ಅವಳಿಗೆ ಕಾಣುತ್ತಿರಲಿಲ್ಲ.

"ಬೂಬಮ್ಮ, ಕತ್ತಲಗೆರೆಯಿಂದ ನಮ್ಮಕ್ಕ ಬಂದಾಳೆ. ನಮ್ಮನೆ ಗಿಡ ನೋಡಿ ಅವಳಿಗೂ ಆಸೆ ಆಗೈತೆ. ಒಂದು ಕಡ್ಡಿ ಕೊಡ್ರಿ, ಅದೇ, 'ಪಟೇಲ್ರು ಕಡಿಸಿದ ಅಂಜೂರ'ದ್ದು."

ದುರುಗಣ್ಣ ಮುಖ ಆಚೆಗೆ ತಿರುಗಿಸಿದ. ಕಡ್ಡಿಯ ಹಾಲು ಪಟೇಲರ ಬೆರಳ ಸಂದಿಯಲ್ಲಿ ಇಳಿದು ಮಣಿಕಟ್ಟಿಗೆ ಬಂದಿತ್ತು.

"ಹೆಸರು ಹೇಳ್ದೆ ನಾನು ಯಾರಿಗೂ ಕಡ್ಡಿ ಕೊಟ್ಟಿಲ್ರಿ," ಎಂದಳು ಅಖ್ತರ್‌ಬೀ. "ಹಲಗೆ ಮ್ಯಾಲೆ ದಪ್ಪ ಅಕ್ಷರದಾಗೆ ಬರೆಸಾಕೆ ಹೇಳ್ರಿ."